ಮೊಮ್ಮಗನ ಕೈಗೆ ಊದಿನಕಡ್ಡಿ

ವೈಜಾಪುರ ದಾಟುವ ಹೊತ್ತಿಗೆ ಎರಡು ವರ್ಷದ ಓವಿ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅವಳ ಅಣ್ಣ, ಐದು ವರ್ಷದ ಅಕ್ಷಯ ಮಾತ್ರ ಕಣ್ಣು ಮುಚ್ಚಿರಲಿಲ್ಲ. ನಾಶಿಕದಿಂದ ಕಾರು ಹೊರಟ ಮೇಲೆ ಮೂರನೇ ಸಲ ಅದೇ ಪ್ರಶ್ನೆ ಕೇಳಿದ.

“ಬಾಬಾ, ಅಜ್ಜಾ ಮಲಾ ಫಟಾಕೆ ಲಾವಾಯಲಾ ಸಾಂಗಣಾರ?”

ಅಜ್ಜ ತನಗೆ ಪಟಾಕಿ ಹಚ್ಚು ಅಂತಾರಾ ಎಂದು ಅವನ ಚಿಂತೆ. ಮನೆಯಲ್ಲಿ ಆಡುವ ಕನ್ನಡವೆಲ್ಲ ಅವನಿಗೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದುದು ಮರಾಠಿ.

“ಹೇಳಂಗಿಲ್ಲಪ್ಪಾ. ನಾ ಇದ್ದೀನಲ್ಲ,” ಎಂದ ಕಾರು ಓಡಿಸುತ್ತಿದ್ದ ಅಪ್ಪ ಅಮರ.

ಪಕ್ಕದಲ್ಲಿ ಕುಳಿತ ಮಂಜುಶ್ರೀ ಗಂಡನ ಮುಖ ನೋಡಿದಳು. ಈ ಸಲದ ದೀಪಾವಳಿ ನಾಶಿಕದಲ್ಲೇ ಮಾಡೋಣ ಎಂದು ಅವಳು ಹದಿನೈದು ದಿನದಿಂದ ಹೇಳುತ್ತ ಬಂದಿದ್ದಳು. “ಹಿರೇಮಗ ನಾ. ಹೋಗದಿದ್ರ ಅಪ್ಪಗ ಏನಂತ ಹೇಳ್ಲಿ?” ಎಂದು ಅಮರ ಪ್ರತಿ ಸಲವೂ ಮಾತು ಮುಗಿಸಿದ್ದ.

ಅಮರನ ತಂದೆ ವಿಶ್ವನಾಥಪ್ಪ ನಲವತ್ತು ವರ್ಷದ ಹಿಂದೆ ಭಾಲ್ಕಿಯಿಂದ ಬಂದು ಸಂಭಾಜಿನಗರದ ಗಾರಖೇಡಾ ರಸ್ತೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟವರು. ಲಕ್ಷ್ಮೀಪೂಜೆಯ ಸಂಜೆ ಆ ಸಾಲಿನಲ್ಲಿ ಮೊದಲ ಸರಪಟಾಕಿ ಅವರ ಅಂಗಡಿಯ ಮುಂದೆಯೇ ಹಾರಬೇಕು, ಮನೆಯ ಗಂಡು ಹುಡುಗ ಊದಿನಕಡ್ಡಿಯಿಂದ ಅದನ್ನು ಹಚ್ಚಬೇಕು. ಐದು ತುಂಬಿದ ವರ್ಷದಿಂದ ಅಮರನೇ ಹಚ್ಚುತ್ತ ಬಂದಿದ್ದ. ಈಗ ಅಕ್ಷಯನಿಗೆ ಐದು ತುಂಬಿತ್ತು. ಹೋದ ವರ್ಷ ದೂರದಿಂದ ಕೇಳಿದ ಸದ್ದಿಗೇ ಹುಡುಗ ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಂಡಿದ್ದ. ಆಮೇಲೆ ಕುಕ್ಕರ್ ಸೀಟಿ ಹಾಕಿದರೂ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಸಂಜೆ ಅಂಗಡಿಯಲ್ಲಿ ಪೂಜೆ ಮುಗಿಯಿತು. ಮನೆಗೆ ಒಯ್ಯಬೇಕಾದ ಹಬ್ಬದ ತಿಂಡಿ ಫರಾಳದ ಡಬ್ಬಿಗಳನ್ನು ಅಮರ ಪಕ್ಕದಲ್ಲೇ ನಿಲ್ಲಿಸಿದ್ದ ಕಾರಿನಲ್ಲಿಟ್ಟು, ಕೀಲಿಯನ್ನು ಅಲ್ಲೇ ಬಿಟ್ಟು ಬಂದ. ಅಂಗಡಿಯ ಮುಂದೆ ಮಾರುದ್ದದ ಕೆಂಪು ಸರ ಹಾಸಿತ್ತು. ಎದುರಿನ ಅಂಗಡಿಯವರು ಕಟ್ಟೆಗೆ ಬಂದು ನಿಂತಿದ್ದರು. ಕೆಲವರು ಮೊಬೈಲ್ ಎತ್ತಿ ಹಿಡಿದಿದ್ದರು.

ವಿಶ್ವನಾಥಪ್ಪ ಊದಿನಕಡ್ಡಿ ಚಾಚಿದರು. ಅಕ್ಷಯ ಅಮ್ಮನ ಸೀರೆಯ ಹಿಂದೆ ಸರಿದ. “ನಕೋ,” ಎಂದ ಮೆಲ್ಲಗೆ.

“ಮಾವಾರ, ಈ ಸಲ ಬಿಡ್ರಿ. ಅವಗ ಸಪ್ಪಳಾ ತಡ್ಯಂಗಿಲ್ಲ,” ಎಂದಳು ಮಂಜುಶ್ರೀ.

“ಸಣ್ಣ ಕೂಸದ. ಸುರಸುರಬತ್ತಿ ಕೊಡ್ರಿ, ಸಾಕು,” ಎಂದು ಅಜ್ಜಿ ಪಾರ್ವತಿಬಾಯಿಯೂ ದನಿಗೂಡಿಸಿದರು.

ವಿಶ್ವನಾಥಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ. “ನಾಳಿ ಮಂದ್ಯಾಗ ನಿಂದ್ರಬೇಕಾದಾಂವ ಇವ. ನಾ ಈ ಊರಿಗೆ ಬಂದಾಗ ನನ್ನ ಬೆನ್ನಿಗೆ ಯಾರೂ ಇರ್ಲಿಲ್ಲ. ಅಂಜಿದ್ರ ಅಂಗಡಿ ಇಡ್ತಿದ್ದೆನೇನು? ಇವನ ಒಳ್ಳೇದಕ್ಕ ಹೇಳ್ತೀನಿ.” ಆಮೇಲೆ ಮಂಜುಶ್ರೀಯ ಸೊಂಟದ ಮೇಲಿದ್ದ ಓವಿಯನ್ನು ತೋರಿಸಿದರು. “ಹೆಣ್ಣುಕೂಸು ನೋಡು, ನಗಲತ್ತದ. ಗಂಡ್ಸಾಗಿ ನೀ ಅಳ್ತಿ.”

ಓವಿ ನಿಜವಾಗಿಯೂ ನಗುತ್ತ ಊದಿನಕಡ್ಡಿಗೆ ಕೈ ಚಾಚಿದ್ದಳು. ಅವಳ ಕೈಗೆ ಯಾರೂ ಅದನ್ನು ಕೊಡಲಿಲ್ಲ.

“ಅಮರ, ಹಿಡಿ ಅವನ ಕೈ,” ಎಂದರು ವಿಶ್ವನಾಥಪ್ಪ.

ಬೇಡ ಎಂಬ ಒಂದು ಮಾತು ಸಾಕಿತ್ತು. ಅಮರನ ಎದುರಿಗೆ ಇಡೀ ಸಾಲಿನ ಜನ, ಪಕ್ಕದಲ್ಲಿ ಅಪ್ಪ. ಮಂಜುಶ್ರೀ ತನ್ನನ್ನೇ ನೋಡುತ್ತಿದ್ದಾಳೆಂದು ಗೊತ್ತಿದ್ದೂ ಅವನು ಆ ಕಡೆ ತಿರುಗಲಿಲ್ಲ. ಮಗನ ಮಣಿಕಟ್ಟು ಹಿಡಿದ. ಅಮರನ ಬೆರಳುಗಳು ಸುತ್ತಿ ಬಂದು ಒಂದರ ಮೇಲೊಂದು ಕೂತವು, ಅಷ್ಟು ಸಣ್ಣ ಕೈ. ಅಕ್ಷಯ ಕಾಲು ಊರಿ ಹಿಂದಕ್ಕೆ ಜಗ್ಗಿದ. ಅಮರ ಅವನ ಮುಷ್ಟಿಗೆ ಊದಿನಕಡ್ಡಿ ತುರುಕಿ, ಬಗ್ಗಿಸಿ ಬತ್ತಿಗೆ ತಾಗಿಸಿದ.

ಮೊದಲ ಸಿಡಿತಕ್ಕೇ ಹುಡುಗ ಅಪ್ಪನ ಕೈ ಕಚ್ಚಿ ಬಿಡಿಸಿಕೊಂಡು ಓಡಿದ. ಕಾರಿನ ಬಾಗಿಲು ತೆರೆದು ಒಳಗೆ ನುಗ್ಗಿ ಎಳೆದುಕೊಂಡ. ಅಮರ ಬೆನ್ನಟ್ಟಿ ಬಂದು ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ನಾಲ್ಕೂ ಬಾಗಿಲು ಒಮ್ಮೆಗೇ ಟಕ್ ಎಂದವು. ಅಕ್ಷಯ ಲಾಕಿನ ಗುಂಡಿ ಒತ್ತಿದ್ದ, ಕೀಲಿಯೂ ಒಳಗೇ ಇತ್ತು. ಇನ್ನೊಂದು ನಾಶಿಕದ ಮನೆಯಲ್ಲಿತ್ತು.

ಅಕ್ಷಯ ಸೀಟುಗಳ ನಡುವೆ ಮುದುಡಿ ಕೂತು ಎರಡೂ ಕಿವಿ ಒತ್ತಿಕೊಂಡಿದ್ದ. ವಿಶ್ವನಾಥಪ್ಪನವರ ಸರಕ್ಕಾಗಿಯೇ ಕಾದಿದ್ದ ಉಳಿದ ಅಂಗಡಿಗಳವರು ಈಗ ಒಬ್ಬರ ಹಿಂದೊಬ್ಬರು ಹಚ್ಚತೊಡಗಿದರು. ಪ್ರತಿ ಸದ್ದಿಗೂ ಗಾಜಿನ ಆಚೆ ಆ ಮೈ ಅದುರುವುದು ಕಾಣುತ್ತಿತ್ತು.

“ಕಲ್ಲಿಲೇ ಗಾಜು ಒಡದು ಬಿಡ್ರಿ,” ಎಂದರು ಯಾರೋ.

“ಬ್ಯಾಡ್ರಿ. ಅದಕ್ಕ ಇನ್ನೂ ಅಂಜತಾನ,” ಎಂದು ಮಂಜುಶ್ರೀ ಅಡ್ಡ ನಿಂತಳು.

“ಅಕ್ಷಯ, ಬಾಬಾ ಇದ್ದೀನಿ, ತೆಗಿ,” ಎಂದು ಅಮರ ಗಾಜು ತಟ್ಟಿದ. ಮಗ ಒಮ್ಮೆ ಅವನನ್ನು ನೋಡಿ ಆಚೆ ಬದಿಗೆ ಮುಖ ತಿರುಗಿಸಿಕೊಂಡ. ಕಚ್ಚಿದ ಕೈಯ ಉರಿ ಅಮರನಿಗೆ ಆಗ ಗೊತ್ತಾಯಿತು.

ವಿಶ್ವನಾಥಪ್ಪ ಗಾಜಿಗೆ ಕೈ ಊರಿ ಬಗ್ಗಿದರು. “ತೆಗಿಯೋ ಬಾಗಿಲಾ. ಯಾರೂ ಏನೂ ಮಾಡಂಗಿಲ್ಲ.”

ಹುಡುಗ ಮುಂದಿನ ಸೀಟಿನ ಅಡಿಗೆ ಇನ್ನಷ್ಟು ಸರಿದ. ಅಮ್ಮನ ಕಡೆ ನೋಡಿ ಅಳುತ್ತ ಕೂಗಿದ್ದು ಗಾಜಿನ ಮೂಲಕ ಸಣ್ಣಗೆ ಕೇಳಿಸಿತು.

“ಅಜ್ಜಾಲಾ ಜಾಯಲಾ ಸಾಂಗ.”

ಅಜ್ಜನಿಗೆ ಹೋಗಲು ಹೇಳು. ನಲವತ್ತು ವರ್ಷ ಈ ಊರಿನಲ್ಲಿ ವ್ಯಾಪಾರ ಮಾಡಿದ ವಿಶ್ವನಾಥಪ್ಪನವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೆಟ್ಟಗಾದರು. ಗಾಜಿನ ಮೇಲಿಂದ ಕೈ ತೆಗೆದರು.

“ಅಪ್ಪಾ,” ಎಂದ ಅಮರ. “ಅವ ಬರೇ ಪಟಾಕಿಗೆ ಅಂಜಿ ಒಳಗ ಹೊಕ್ಕಿಲ್ಲ. ನಮಗ ಅಂಜ್ಯಾನ. ನಂಗೂ ಹಂಗೇ ಆಗ್ತಿತ್ತು.”

“ಯಾವಾಗ?”

“ಪ್ರತಿ ವರ್ಷ. ನಾ ಹೇಳಿಲ್ಲ, ಅಷ್ಟೇ.”

ವಿಶ್ವನಾಥಪ್ಪ ಮಗನ ಮುಖವನ್ನು ಹೊಸದಾಗಿ ನೋಡುವವರಂತೆ ನೋಡಿದರು. ರಸ್ತೆ ದಾಟಿ ಎದುರಿನ ಹಾರ್ಡ್‌ವೇರ್ ಅಂಗಡಿಯ ಪ್ರಭಾಕರರ ಮುಂದೆ ನಿಂತು ಕೈ ಮುಗಿದರು. ಸ್ವಲ್ಪ ಹೊತ್ತು ಪಟಾಕಿ ನಿಲ್ಲಿಸಿ, ಮೊಮ್ಮಗ ಅಂಜಿದ್ದಾನೆ ಎಂದು ಮರಾಠಿಯಲ್ಲಿ ಕೇಳಿಕೊಂಡರು.

“ನಿಮ್ಮ ಮೊಮ್ಮಗ ಅಂಜೋದೇ?” ಪ್ರಭಾಕರರಿಗೆ ನಗು ಬಂತು.

“ಹೌದು, ಅಂಜ್ಯಾನ,” ಎಂದು ವಿಶ್ವನಾಥಪ್ಪ ಮುಂದಿನ ಅಂಗಡಿಗೆ ಹೋದರು. ಅಲ್ಲಿಯೂ ಅದನ್ನೇ ಹೇಳಿದರು. ಹೀಗೆ ಸಾಲು ಮುಗಿಯುವತನಕ ನಡೆದರು.

ಒಂದೊಂದೇ ಅಂಗಡಿಯ ಮುಂದೆ ಸದ್ದು ನಿಂತಿತು. ದೂರದ ಬೀದಿಗಳಲ್ಲಿ ಮಾತ್ರ ಸಿಡಿಯುತ್ತಿತ್ತು. ಮಂಜುಶ್ರೀ ಓವಿಯನ್ನು ಅತ್ತೆಗೆ ಕೊಟ್ಟು ಕಾರಿನ ಪಕ್ಕ ನೆಲದ ಮೇಲೇ ಕುಳಿತಳು. ತೆಗಿ ಎಂದು ಒಮ್ಮೆಯೂ ಅನ್ನಲಿಲ್ಲ. ಅಮರ ಹತ್ತು ಹೆಜ್ಜೆ ದೂರ ಸರಿದು ನಿಂತ. ತಾನೀಗ ಮಾಡಬಹುದಾದದ್ದು ಅದೊಂದೇ ಅನ್ನಿಸಿತ್ತು ಅವನಿಗೆ.

ಬಹಳ ಹೊತ್ತಿನ ಮೇಲೆ ಟಕ್ ಎಂದಿತು. ಅಕ್ಷಯ ಅಮ್ಮನಿಗಷ್ಟೇ ಬಾಗಿಲು ತೆರೆದ. ಅವಳು ಒಳಗೆ ಕೂತು ಅವನನ್ನು ಎದೆಗೆ ಒತ್ತಿಕೊಂಡಳು.

ಅಷ್ಟರಲ್ಲಿ ವಿಶ್ವನಾಥಪ್ಪ ತಿರುಗಿ ಬಂದರು. ಕಾರಿನ ಹತ್ತಿರ ಬರದೆ ನಾಲ್ಕು ಮಾರು ದೂರದಲ್ಲೇ ನಿಂತರು.

“ಅಕ್ಷಯ, ನಾ ಅಲ್ಲಿ ಬರ್ಲೇನಪ್ಪಾ? ಬ್ಯಾಡಂದ್ರ ಇಲ್ಲೇ ನಿಂದ್ರತೀನಿ.”

ಬೇಡ ಎನ್ನಲು ಅವಕಾಶವಿಟ್ಟು ಅವರು ಯಾರನ್ನಾದರೂ ಕೇಳಿದ್ದನ್ನು ಮನೆಯವರು ಆವರೆಗೆ ಕಂಡಿರಲಿಲ್ಲ. ಹುಡುಗ ಅಮ್ಮನ ಮುಖ ನೋಡಿದ. ಅವಳು ಏನೂ ಹೇಳಿಕೊಡಲಿಲ್ಲ.

“ಥಾಂಬಾ,” ಎಂದ ಅಕ್ಷಯ. ತಡೀರಿ ಎಂದು.

“ಆಯ್ತಪ್ಪಾ,” ಎಂದರು ವಿಶ್ವನಾಥಪ್ಪ.

ಪಾರ್ವತಿಬಾಯಿ ಅಂಗಡಿಯಿಂದ ಸ್ಟೂಲು ತರಿಸಿ ಇಟ್ಟರು. ಗಂಡ ಅದರ ಮೇಲೆ ಕೂರಲಿಲ್ಲ. ಎದುರಿನ ಅಂಗಡಿಯವರೆಲ್ಲ ನೋಡುತ್ತಿದ್ದರು. ವಿಶ್ವನಾಥಪ್ಪ ಕೈ ಕಟ್ಟಿಕೊಂಡು, ಮೊಮ್ಮಗ ಕರೆಯುವುದನ್ನು ಕಾಯುತ್ತ ಅಲ್ಲಿಯೇ ನಿಂತರು.