ವೈಫೈಗೆ ಅಮ್ಮ ಇಟ್ಟ ಹೆಸರು

ಊರಿನ ಅರ್ಧ ಮನೆಗಳಿಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್‌ಗೆ ತನ್ನ ಮನೆಯ ಪ್ರಿಂಟರ್ ಮಾತ್ರ ಬಗ್ಗಲಿಲ್ಲ. ತಂತಿಯಿದ್ದರೆ ಎಲ್ಲಿ ಕಡಿದಿದೆಯೆಂದು ಕಣ್ಣುಮುಚ್ಚಿ ಹೇಳುವ ಆಸಾಮಿ. ತಂತಿಯೇ ಇಲ್ಲದ ಕಡೆ ಏನಂತ ಹುಡುಕುವುದು? ಪ್ರಿಂಟರಿನ ನೀಲಿ ದೀಪ ಬೆಳಗಿನಿಂದ ಮಿಣುಕುತ್ತಲೇ ಇತ್ತು.

ನಾಳೆ ಮಗಳ ಪರೀಕ್ಷೆ. ಅಮ್ಮ ತೀರಿಹೋದ ಮೇಲೆ ಕೋಣೆ ಸೇರಿದ ಹುಡುಗಿ, ಪರೀಕ್ಷೆಗೆ ಹೋಗಲ್ಲ ಎಂದಷ್ಟೇ ಹೇಳಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಹಾಲ್ ಟಿಕೆಟ್ಟನ್ನು ಅಂಗಡಿಯಲ್ಲೇ ಪ್ರಿಂಟ್ ತೆಗೆಸಬಹುದಿತ್ತು. ಆದರೆ ಹೆಂಡತಿ ಈ ಪ್ರಿಂಟರ್ ಕೊಂಡದ್ದೇ ಮಗಳ ಓದಿಗೆಂದು. ಇದರಿಂದಲೇ ಬಂದ ಹಾಳೆಯನ್ನು ಮಗಳು ಬೇಡವೆನ್ನಲಾರಳು ಎಂಬುದು ಅವನ ಹುಚ್ಚು ಲೆಕ್ಕ. ಕಳೆದ ವಾರ ಹಳೆಯ ವೈಫೈ ಪೆಟ್ಟಿಗೆ ಸುಟ್ಟುಹೋಗಿ ಹೊಸದು ಬಂದಿತ್ತು. ಪ್ರಿಂಟರ್ ಆ ಹೊಸದನ್ನು ಮೂಸಿಯೂ ನೋಡಲಿಲ್ಲ.

ಕೊನೆಗೆ ಪೆಟ್ಟಿಗೆ ಕೂರಿಸಿದವನಿಗೇ ಫೋನ್ ಮಾಡಿದ.

"ಪ್ರಿಂಟರ್ ಸ್ಕ್ರೀನ್ ಸತ್ತಿದೆ ಅಂತೀರಲ್ಲ, ಅದಕ್ಕೆ ಹೊಸ ಹೆಸರು ಕಲಿಸೋಕಾಗಲ್ಲಣ್ಣ. ಹೊಸ ಪೆಟ್ಟಿಗೆಗೇ ಹಳೇ ಹೆಸರು, ಹಳೇ ಪಾಸ್‌ವರ್ಡ್ ಇಟ್ಬಿಡಿ. ಹಳೇ ಮನೇನೇ ಅಂದ್ಕೊಂಡು ತಾನಾಗೇ ಬಂದು ಸೇರ್ಕೊಳ್ಳುತ್ತೆ."

ಹಳೆಯ ಹೆಸರು ಮರೆಯುವಂಥದ್ದಲ್ಲ. ಮನೆಗೆ ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ವೈಫೈ ಕೇಳುತ್ತಾರೆಂದು ಹೆಂಡತಿ ಅದಕ್ಕೆ 'ಊಟ ಆಯ್ತಾ' ಎಂದು ಹೆಸರಿಟ್ಟಿದ್ದಳು. ಪಕ್ಕದ ಮನೆಯವರ ಫೋನಿನಲ್ಲೂ ಅದು ಕಾಣುತ್ತಿತ್ತು, ಅವರೂ ನಗುತ್ತಿದ್ದರು. ಪಾಸ್‌ವರ್ಡ್ ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಮಗಳ ಬಾಗಿಲು ತಟ್ಟಿದ. "ಪುಟ್ಟಿ, ಹಳೇ ವೈಫೈ ಪಾಸ್‌ವರ್ಡ್ ಏನಮ್ಮ?"

ಒಳಗಿನಿಂದಲೇ ದನಿ ಬಂತು. "'ಆಯ್ತಮ್ಮ' ಅಂತ. ಇಂಗ್ಲಿಷಲ್ಲಿ. ನಿಂಗೆ ಗೊತ್ತಿಲ್ವಾ?"

"ನಾನು ಯಾವತ್ತೂ ಹಾಕಿಲ್ಲ ಕಣೆ."

"ಹೂಂ. ನಿನ್ನ ಫೋನ್ ಇಸ್ಕೊಂಡು ಅಮ್ಮನೇ ಹಾಕ್ಕೊಡ್ತಿದ್ಲು."

ನಿಜ. ಕೆಲಸ ಮುಗಿಸಿ ಬಂದವನ ಮಸಿ ಕೈಯಿಂದ ಫೋನ್ ತೆಗೆದುಕೊಂಡು, ಅವಳೇ ಪ್ರಶ್ನೆ ಕೇಳಿ ಅವನ ಪರವಾಗಿ ಉತ್ತರವನ್ನೂ ಬರೆದುಕೊಟ್ಟಿದ್ದಳು. ಒರಟು ಬೆರಳಿನಿಂದ ಅವನು ಹೊಸ ಪೆಟ್ಟಿಗೆಗೆ ಹಳೆಯ ಹೆಸರು, ಪಾಸ್‌ವರ್ಡ್ ಒಂದೊಂದೇ ಅಕ್ಷರ ಒತ್ತಿ ಹಾಕಿದ. ಸ್ವಲ್ಪ ಹೊತ್ತಿಗೆ ನೀಲಿ ದೀಪ ಮಿಣುಕುವುದನ್ನು ಬಿಟ್ಟು ನಿಂತಿತು. ಪ್ರಿಂಟರ್ ಗೊರಗೊರ ಎನ್ನುತ್ತ ಹಾಳೆ ಎಳೆದುಕೊಂಡಿತು.

ಸದ್ದು ಕೇಳಿ ಮಗಳು ಹೊರಗೆ ಬಂದಳು. ಅವಳ ಫೋನೂ ತಾನಾಗಿಯೇ ಸೇರಿಕೊಂಡಿತ್ತು. ಪರದೆಯ ಮೇಲಿನ ಹೆಸರನ್ನೇ ನೋಡುತ್ತಿದ್ದಳು.

"ಅಪ್ಪ, ಅಮ್ಮಂಗೆ ನಾವು ಯಾವತ್ತಾದ್ರೂ ಇದನ್ನ ಕೇಳಿದ್ವಾ?"

ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಹೆಂಡತಿಗೆ ತಿಂಗಳುಗಟ್ಟಲೆ ತುತ್ತು ಇಳಿದಿರಲಿಲ್ಲವಂತೆ. ಡಾಕ್ಟರು ಹೇಳಿದಾಗಲೇ ಗೊತ್ತಾದದ್ದು. ಮೂವರ ಮನೆಯಲ್ಲಿ ಇಬ್ಬರು ಉಂಡು ಏಳುತ್ತಿದ್ದರು, ಅವಳು ಆಮೇಲೆ ಉಣ್ಣುತ್ತೇನೆ ಎನ್ನುತ್ತಿದ್ದಳು. ಬಡಿಸುವವಳ ತಟ್ಟೆ ಯಾರು ನೋಡುತ್ತಾರೆ?

"ಕೇಳ್ಲಿಲ್ಲಮ್ಮ," ಎಂದ. "ನಾನೂ ಕೇಳ್ಲಿಲ್ಲ."

"ನಾನೂ," ಎಂದಳು ಹುಡುಗಿ. ಇಷ್ಟು ದಿನ ಬಾಗಿಲು ಹಾಕಿಕೊಂಡು ಅವಳು ಒಳಗೊಳಗೇ ನುಂಗುತ್ತಿದ್ದದ್ದು ಇದನ್ನೇ ಎಂದು ಅವನಿಗೆ ಆಗ ತಿಳಿಯಿತು. ಬಂದು ಅವನ ಪಕ್ಕ ನೆಲದ ಮೇಲೆ ಕುಳಿತಳು. ಇಬ್ಬರೂ ಅತ್ತರು. ಹಾಳೆ ಹೊರಗೆ ಬಂದು ಟ್ರೇಯಲ್ಲಿ ಬಿದ್ದಿತ್ತು, ಯಾರೂ ಎತ್ತಿಕೊಳ್ಳಲಿಲ್ಲ.

ಕತ್ತಲಾಗುವ ಹೊತ್ತಿಗೆ ಮಗಳು ಮೂಗು ಒರೆಸಿಕೊಂಡು ಎದ್ದಳು. ಅಡುಗೆಮನೆಯ ದೀಪ ಹಾಕಿ ಅಲ್ಲೇ ನಿಂತು ಕೇಳಿದಳು:

"ಅಪ್ಪ, ನಿಂದು ಊಟ ಆಯ್ತಾ?"

ಆಯ್ತು ಎನ್ನುವುದು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಇಲ್ಲಮ್ಮ," ಎಂದ.