ದಿನಾ ಹಾಕುವ ಪ್ಯಾಂಟು

ಹಾಗಾದರೆ ಬೆಲ್ಟನ್ನೂ ಹಾಕಿಕೊಂಡೇ ನೀರಿಗಿಳಿಯಬೇಕೇ ಎಂದು ಅವನು ಕಚೇರಿಯ ಸುತ್ತೋಲೆಯನ್ನು ಮೂರನೆಯ ಸಲ ಓದಿದ. 'ದಿನನಿತ್ಯ ಧರಿಸುವ ಉಡುಪಿನಲ್ಲಿಯೇ ಈಜು ಪರೀಕ್ಷೆ' ಎಂದಿತ್ತು. ಬೆಲ್ಟಿನ ಮಾತಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಅವನ ಬೂದು ಪ್ಯಾಂಟಿಗೆ ಇಸ್ತ್ರಿ ಮಾಡುತ್ತಿದ್ದಳು.

"ನೀರಿಗಿಳಿಯೋಕೆ ಇಸ್ತ್ರಿ ಯಾಕೆ?"

"ದಿನಾ ಹಾಕೋ ಬಟ್ಟೆ ಅಂತ ತಾನೇ ಬರೆದಿರೋದು? ದಿನಾ ಇಸ್ತ್ರಿ ಮಾಡ್ತೀನಲ್ಲ."

"ಹಳೇದು ಯಾವುದಾದ್ರೂ..."

"ಹಳೇದೆಲ್ಲ ಕೊಟ್ಟುಬಿಟ್ಟೆ. ನಿಮಗೆ ಈಜು ಬರುತ್ತೆ ತಾನೇ?"

"ಬರುತ್ತೆ" ಎಂದ. ಮದುವೆಯಾದ ಹೊಸತರಲ್ಲಿ ಹೇಳಿದ ಸುಳ್ಳು ಅದು. ಹದಿನಾಲ್ಕು ವರ್ಷ ಅದಕ್ಕೆ ಯಾರೂ ಪುರಾವೆ ಕೇಳಿರಲಿಲ್ಲ. ಈಗ ಆರು ವಾರದ ತರಬೇತಿಯಲ್ಲಿ ಅದು ಅರ್ಧ ನಿಜವಾಗಿತ್ತು. ಚಡ್ಡಿಯಲ್ಲಾದರೆ ಎರಡು ನಿಮಿಷ ತೇಲುತ್ತಿದ್ದ.

ಅವನು ಜಲಾಶಯದ ಆಳ ಅಳೆಯುವವನು. ವಾರಕ್ಕೊಮ್ಮೆ ದೋಣಿಯಲ್ಲಿ ನಡುನೀರಿಗೆ ಹೋಗಿ, ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ಇಳಿಬಿಟ್ಟು, ಅದು ತಳ ಮುಟ್ಟಿದಾಗ ಪುಸ್ತಕದಲ್ಲಿ ಬರೆಯುತ್ತಿದ್ದ. ನಲವತ್ತು ಮೀಟರು, ನಲವತ್ತೊಂದು. ಆ ಎರಡು ಗಂಟೆ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ತಾನು ಬದುಕಿರುವುದೇ ಆ ಎರಡು ಗಂಟೆಗಾಗಿ ಎಂದು ಒಮ್ಮೊಮ್ಮೆ ಅನ್ನಿಸಿ ಅವನಿಗೆ ನಾಚಿಕೆಯಾಗುತ್ತಿತ್ತು.

ಇನ್ನು ಮುಂದೆ ಪ್ರಮಾಣಪತ್ರ ಇಲ್ಲದವರು ದೋಣಿ ಹತ್ತುವಂತಿಲ್ಲ. ಫೇಲಾದರೆ ದಾಖಲೆ ಕೋಣೆ. ಅದಕ್ಕೆ ಕಿಟಕಿಯೂ ಇಲ್ಲ.

ಈಜುಕೊಳದಲ್ಲಿ ಅವನೂ ಸೇರಿ ಹನ್ನೆರಡು ಗಂಡಸರು ಅಂಗಿ, ಪ್ಯಾಂಟು, ಬೂಟುಗಳ ಸಮೇತ ಸೊಂಟಮಟ್ಟದ ನೀರಿನಲ್ಲಿ ಸಾಲಾಗಿ ನಿಂತಿದ್ದರು. ಒಬ್ಬ ಟೈ ಕಟ್ಟಿದ್ದ. ಮೊದಲು ಅರ್ಧ ಗಂಟೆ ನೀರಿನಲ್ಲೇ ನಡೆಯುವ ವ್ಯಾಯಾಮ.

"ಬಟ್ಟೆ ನೀರು ಕುಡಿದು ಹಿಂದಕ್ಕೆಳೆಯುತ್ತೆ. ಎಳೀಲಿ, ನೀವು ನಡೀರಿ" ಎಂದಳು ತರಬೇತುದಾರಳು, ದಡದ ಕುರ್ಚಿಯಲ್ಲಿ ಕೂತು. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. "ಮುಳುಗೋರು ಯಾರೂ ಬಟ್ಟೆ ಬದಲಾಯಿಸ್ಕೊಂಡು ಮುಳುಗಲ್ಲ ಸಾರ್."

"ಮೀಟಿಂಗ್ ಶುರು ಮಾಡೋಣ್ವಾ?" ಎಂದ ಕಚೇರಿಯ ಉಗ್ರಾಣದವನು. ಎಲ್ಲರೂ ನಕ್ಕರು. ಅವರ ಜೊತೆ ಇವನೂ ಹಲ್ಲು ಕಿರಿದ.

ಆಮೇಲೆ ಆಳದ ಕಡೆ. ಪಾಠ ಕಳೆದ ವಾರವೇ ನೆಲದ ಮೇಲೆ ಆಗಿತ್ತು. ತೇಲುತ್ತಲೇ ಬೂಟು ಕಳಚಿ, ಪ್ಯಾಂಟು ಬಿಚ್ಚಿ, ಅದರ ಕಾಲುಗಳ ತುದಿಗೆ ಗಂಟು ಹಾಕಿ, ಸೊಂಟದ ಕಡೆ ಹಿಡಿದು ತಲೆಯ ಮೇಲಿಂದ ಬೀಸಿ ನೀರಿಗೆ ಹೊಡೆಯಬೇಕು. ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ನೆನೆದ ಬಟ್ಟೆ ಗಾಳಿಯನ್ನು ಸುಲಭವಾಗಿ ಬಿಡುವುದಿಲ್ಲ. ಅದನ್ನು ತಬ್ಬಿಕೊಂಡು ಹತ್ತು ನಿಮಿಷ ತೇಲಿದರೆ ಪಾಸು.

ಅವನದು ಒಂದೇ ಬೀಸಿಗೆ ಉಬ್ಬಿತು. ಬೆಲ್ಟನ್ನು ಕೊನೆಯ ತೂತಿಗೆ ಬಿಗಿದು ಸೊಂಟದ ಬಾಯಿ ಮುಚ್ಚಿದ. ಇದು ಪಾಠದಲ್ಲಿರಲಿಲ್ಲ. ತನಗೇ ಹೊಳೆದದ್ದು ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಅದರ ಎರಡು ಕಾಲುಗಳ ನಡುವೆ ಕತ್ತು ತೂರಿಸಿ ತೇಲುತ್ತಾ ಅವನು ಪ್ಯಾಂಟನ್ನು ನೋಡಿದ. ಮೊಣಕಾಲು, ತೊಡೆ, ಎಲ್ಲ ಮೈತುಂಬಿಕೊಂಡಿದ್ದವು. ತಾನು ಹಾಕಿಕೊಂಡಾಗ ಅದು ಒಂದು ದಿನವೂ ಹೀಗೆ ತುಂಬಿರಲಿಲ್ಲ. ಹೆಂಡತಿ ಎಳೆದ ಇಸ್ತ್ರಿಯ ಗೆರೆ ಇನ್ನೂ ನೆಟ್ಟಗಿತ್ತು.

ನಾಲ್ಕನೆಯ ನಿಮಿಷದಲ್ಲಿ ಅವನು ಕತ್ತು ಹೊರಗೆಳೆದು ಪ್ಯಾಂಟನ್ನು ಕೈಬಿಟ್ಟ.

ಜಾರಿತು ಎಂದು ಆಮೇಲೆ ಹೇಳಿಕೊಳ್ಳಬಹುದಿತ್ತು. ಆದರೆ ಜಾರಿರಲಿಲ್ಲ. ಹತ್ತು ವರ್ಷ ಗುಂಡನ್ನು ಕೆಳಗೆ ಕಳಿಸಿ ತಾನು ಮೇಲೆ ಕೂತಿದ್ದವನಿಗೆ ಒಮ್ಮೆ ಹೋಗಿ ನೋಡಬೇಕೆನ್ನಿಸಿತ್ತು, ಅಷ್ಟೇ.

ಇಲ್ಲಿ ಮೂರೇ ಮೀಟರು. ಕಾಲಿಗೆ ತಳ ಸಿಕ್ಕಿತು. ಸದ್ದಿರಲಿಲ್ಲ. ಕೇಳುವವರಿರಲಿಲ್ಲ. ದೋಣಿಯಲ್ಲಿ ಕೂತು ತಾನು ಆಸೆಪಟ್ಟದ್ದು ಇದನ್ನೇ ಎಂದುಕೊಂಡು ಅವನು ನೆಮ್ಮದಿಗಾಗಿ ಕಾದ. ಕಿವಿ ನೋಯುತ್ತಿತ್ತು. ಚಳಿಯಾಗುತ್ತಿತ್ತು. ಬೇರೆ ಏನೂ ಬರಲಿಲ್ಲ. ಕೆಳಗೆ ಏನೂ ಇಲ್ಲ ಎಂದು ತಿಳಿಯಿತು. ಸಾಯುವ ಭಯಕ್ಕಿಂತ ಮೊದಲು ಬಂದದ್ದು ಆ ದುಃಖ.

ಆಮೇಲೆ ಸಾಯುವ ಭಯವೂ ಬಂತು. ಕೈಕಾಲು ಬಡಿದು, ನೀರು ಕುಡಿದು, ಹೇಗೋ ಮೂಲೆಯ ಏಣಿ ಹಿಡಿದ. ಹಾರುಹಲಗೆಯ ನೆರಳಲ್ಲಿ, ತಲೆಯಷ್ಟನ್ನು ಹೊರಗಿಟ್ಟು ಕೆಮ್ಮಿದ. ಯಾರೂ ತಿರುಗಿ ನೋಡಲಿಲ್ಲ. ಎಲ್ಲರಿಗೂ ಅವರವರ ಪ್ಯಾಂಟಿನ ಚಿಂತೆಯಾಗಿತ್ತು.

ಹತ್ತು ನಿಮಿಷಕ್ಕೆ ಸೀಟಿ ಕೂಗಿತು. ತರಬೇತುದಾರಳು ಎದ್ದು ನಿಂತು, ಬೆರಳು ತೋರಿಸುತ್ತಾ ಉಬ್ಬಿದ ಪ್ಯಾಂಟುಗಳನ್ನು ಎಣಿಸಿದಳು.

"ಹನ್ನೆರಡೂ ತೇಲ್ತಿವೆ. ಎಲ್ಲರೂ ಪಾಸ್."

ದಡದಲ್ಲಿ ಟವೆಲು ಸುತ್ತಿಕೊಂಡು ನಿಂತವನ ಕೈಗೆ ಅವಳು ಪ್ರಮಾಣಪತ್ರ ಕೊಟ್ಟಳು. "ನಿಮ್ಮದೇ ಚೆನ್ನಾಗಿ ನಿಂತಿದ್ದು ಸಾರ್. ಅಲ್ಲಾಡಲೇ ಇಲ್ಲ."

"ನಾನು..."

"ಹೇಳಿ ಸಾರ್."

"ಏನಿಲ್ಲ."

ಉಳಿದವರು ತಮ್ಮ ತಮ್ಮ ಗಂಟು ಬಿಚ್ಚಿ, ಹಿಂಡಿ, ಹಾಕಿಕೊಂಡು ಹೊರಟುಹೋದರು. ಉಗ್ರಾಣದವನು ಇವನ ಬೆನ್ನು ತಟ್ಟಿ ಹೋದ. ಇವನ ಪ್ಯಾಂಟು ಮಾತ್ರ ಆಳದ ನಡುವೆ ನಿಂತಿತ್ತು. ಗಾಳಿ ಹೋದ ಮೇಲೆ ತಾನಾಗಿ ಬರುತ್ತದೆ ಎಂದು ಅವನು ಕಾದ. ಮತ್ತೆ ಆ ನೀರಿಗಿಳಿಯುವುದು ಅವನಿಂದ ಆಗದ ಮಾತಾಗಿತ್ತು.

ಚೀಲದೊಳಗೆ ಫೋನು ಹೊಡೆದುಕೊಂಡಿತು.

"ಪಾಸಾ?"

"ಪಾಸು."

"ಸದ್ಯ. ದೋಣಿ ಉಳೀತಲ್ಲ. ಪ್ಯಾಂಟು ಹಾಳಾಯ್ತಾ?"

"ಇಲ್ಲ. ಚೆನ್ನಾಗಿದೆ."

"ಮತ್ಯಾಕೆ ಧ್ವನಿ ಹಾಗಿದೆ?"

"ನೀರು ಹೋಗಿದೆ ಕಿವಿಗೆ" ಎಂದು ಹೇಳಿ ಫೋನಿಟ್ಟ.

ಕೊಳ ತೊಳೆಯುವವನು ಉದ್ದನೆಯ ಕೋಲು ಹಿಡಿದು ಬಂದ. ನೀರಿನತ್ತ ನೋಡಿದ, ಅವನತ್ತ ನೋಡಿದ.

"ಅದು ನಿಮ್ದಾ ಸಾರ್?"

ಹೌದು ಎಂದಿದ್ದರೆ ಕೋಲಿನಿಂದ ಎಳೆದು ಕೊಡುತ್ತಿದ್ದ. ಎರಡೇ ನಿಮಿಷದ ಕೆಲಸ. ಹಾಕಿಕೊಂಡು ಮನೆಗೆ ಹೋಗಬಹುದಿತ್ತು, ನಾಳೆ ಅದೇ ಪ್ಯಾಂಟಿನಲ್ಲಿ ದೋಣಿ ಹತ್ತಬಹುದಿತ್ತು.

"ಅಲ್ಲ" ಎಂದ.

ತೊಳೆಯುವವನು ಅವನ ಟವೆಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ಕೋಲಿನಿಂದ ತಿವಿದ. ಪ್ಯಾಂಟು ನಿಧಾನವಾಗಿ ಒಂದು ಸುತ್ತು ತಿರುಗಿತು. ಗಂಟು ಹಾಕಿದ ಎರಡು ಕಾಲುಗಳನ್ನೂ ಮೇಲಕ್ಕೆ ಚಾಚಿಕೊಂಡು, ಬೆಳಗಿನ ಇಸ್ತ್ರಿಯ ಗೆರೆಯನ್ನು ಅವನಿಗೇ ತೋರಿಸುತ್ತಾ, ಇನ್ನಷ್ಟು ಆಳದ ಕಡೆಗೆ ಸರಿಯಿತು. ಅವನು ಪ್ರಮಾಣಪತ್ರ ಒದ್ದೆಯಾಗದಂತೆ ಕೈಯನ್ನು ಮೈಯಿಂದ ದೂರ ಹಿಡಿದು ನಿಂತೇ ಇದ್ದ.