ಬ ನನ್ನ ಪಾಲಿಗಿರಲಿ

"ಅಕ್ಕಾ, ಈ ಕೈ ಇಟ್ಕೊಂಡು ಇಷ್ಟು ದಿನ ಹೇಗೆ ಟೈಪ್ ಮಾಡಿದ್ರಿ?" ಎಂದು ಫಿಸಿಯೋಥೆರಪಿಸ್ಟ್ ಕೇಳಿದಾಗ, ಇದು ಹೊಗಳಿಕೆಯೋ ಬೈಗುಳವೋ ಟೈಪಕ್ಕನಿಗೆ ತಿಳಿಯಲಿಲ್ಲ. ಎರಡೂ ಇರಬೇಕು ಅಂದುಕೊಂಡು ಸುಮ್ಮನೆ ನಕ್ಕಳು. ಅಷ್ಟರಲ್ಲಿ ಆ ಮಹಾತಾಯಿ ಹೆಬ್ಬೆರಳಿನ ಬುಡವನ್ನು ಒತ್ತಿದಳು. ನಗು ಅಲ್ಲೇ ನಿಂತಿತು.

ಟೈಪಕ್ಕ ಅನ್ನುವುದು ಬೀದಿಯವರು ಇಟ್ಟ ಹೆಸರು. ಸಭೆಗಳಲ್ಲಿ ಯಾರಾದರೂ ಭಾಷಣ ಮಾಡುತ್ತಿದ್ದರೆ, ಕಿವಿ ಕೇಳದವರು ಓದಿಕೊಳ್ಳಲೆಂದು ಅದನ್ನು ಆಡಿದ ಹಾಗೇ ಟೈಪ್ ಮಾಡಿ ಪರದೆಯ ಮೇಲೆ ಹಾಕುವುದು ಅವಳ ಕೆಲಸ. ಭಾಷಣಕಾರರಿಗೇನು, ನೀರು ಕುಡಿಯಲು ನಿಲ್ಲುತ್ತಾರೆ, ಚಪ್ಪಾಳೆಗೆ ನಿಲ್ಲುತ್ತಾರೆ. ಇವಳು ನಿಲ್ಲುವ ಹಾಗಿಲ್ಲ. ಎರಡೂ ಕೈಗಳನ್ನು ಎದೆಯ ಮುಂದೆ ಒಂದೇ ಕಡೆ ಮುದುಡಿ, ಮಣಿಕಟ್ಟನ್ನು ಹೊರಕ್ಕೆ ತಿರುಚಿಕೊಂಡು ವರ್ಷಗಟ್ಟಲೆ ದುಡಿದದ್ದಕ್ಕೆ ಈಗ ನೀರಿನ ಲೋಟ ಎತ್ತಿದರೂ ಜೀವ ಹೋಗುತ್ತಿತ್ತು.

"ಎರಡು ತುಂಡಾಗಿರೋ ಕೀಬೋರ್ಡ್ ಬರುತ್ತೆ. ಎಡಗೈಗೆ ಒಂದು, ಬಲಗೈಗೆ ಒಂದು. ಭುಜದಷ್ಟು ದೂರ ದೂರ ಇಟ್ಕೊಳ್ಳಿ, ಮಣಿಕಟ್ಟು ನೆಟ್ಟಗಾಗುತ್ತೆ. ಹಳೇದನ್ನ ಮಾತ್ರ ಇನ್ನು ಮುಟ್ಟಬೇಡಿ. ಮುಟ್ಟಿದ್ರೆ ಈ ಬೆರಳುಗಳ ಗತಿ ಏನಾಗುತ್ತೋ ನಾನು ಹೇಳಲಾರೆ" ಎಂದಳು ಫಿಸಿಯೋಥೆರಪಿಸ್ಟ್.

ಕೆಲಸಕ್ಕೆ ರಜೆ ಹಾಕಬಹುದಿತ್ತು, ಹಾಕಿದಳು. ಆದರೆ ಮನೆಯಲ್ಲಿಯೂ ಒಂದು ಟೈಪಿಂಗ್ ಇತ್ತು, ಅದಕ್ಕೆ ರಜೆ ಹಾಕುವುದು ಹೇಗೆ? ಗಂಡ ಪೀಠೋಪಕರಣದ ಕಾರ್ಖಾನೆಯಲ್ಲಿ ಬಡಗಿ. ದೊಡ್ಡ ಗರಗಸದ ಪಕ್ಕದಲ್ಲಿ ನಿಂತು ನಿಂತು ಅವನ ಕಿವಿ ಸ್ವಲ್ಪಸ್ವಲ್ಪವಾಗಿ ಹೋಗಿ, ಕೊನೆಗೆ ಪೂರ್ತಿ ಹೋಗಿತ್ತು. ಊಟದ ಮೇಜಿನ ತುದಿಯಲ್ಲಿ ಒಂದು ಪರದೆ ಇತ್ತು. ಮನೆಗೆ ಯಾರೇ ಬಂದು ಏನೇ ಆಡಲಿ, ಇವಳು ಟೈಪ್ ಮಾಡುತ್ತಿದ್ದಳು, ಅವನು ಓದಿ ಮನೆ ಹಾರಿಹೋಗುವಂಥ ದನಿಯಲ್ಲಿ ಉತ್ತರ ಕೊಡುತ್ತಿದ್ದ. "ಏನಂತೆ?" ಅನ್ನುವುದು ಅವನ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತಾಗಿತ್ತು. ಪಕ್ಕದ ಮನೆಯವರು ಜಗಳವಾಡಿದರೂ ಏನಂತೆ, ಮಗಳು ಫೋನಿನಲ್ಲಿ ಪಿಸುಗುಟ್ಟಿದರೂ ಏನಂತೆ.

ಇವಳ ಕೈ ನೋವು ಗೊತ್ತಾದ ದಿನದಿಂದ ಅವನು ಏನಂತೆ ಎಂದು ಕೇಳುವುದನ್ನೇ ಬಿಟ್ಟ. ಮಗಳು ಬಂದು ತನ್ನ ಆಫೀಸಿನ ರಾಮಾಯಣವನ್ನೆಲ್ಲ ಬಿಚ್ಚುತ್ತಿದ್ದರೆ, "ನೀವು ಮಾತಾಡ್ಕೊಳ್ಳಿ, ನಂಗೆ ಕೆಲಸ ಇದೆ" ಎಂದು ಎದ್ದು ಹೋದ. ಏನು ಕೆಲಸ? ಮೊದಲೇ ಚೂಪಾಗಿದ್ದ ಉಳಿಯನ್ನು ಇನ್ನೊಮ್ಮೆ ಮಸೆಯುವುದು. ಟೈಪಕ್ಕನಿಗೆ ಮಣಿಕಟ್ಟಿನ ನೋವಿಗಿಂತ ಇದೇ ಹೆಚ್ಚು ಸಂಕಟವಾಯಿತು.

ಅದೂ ಎಂಥ ಹೊತ್ತಿನಲ್ಲಿ! ಮುಂದಿನ ಭಾನುವಾರ ಕಾರ್ಖಾನೆಯವರು ಅವನಿಗೆ ನಿವೃತ್ತಿಯ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಜೀವಮಾನವೆಲ್ಲ ಜೊತೆಗಿದ್ದವರು ಅವನ ಬಗ್ಗೆ ನಾಲ್ಕು ಮಾತಾಡುತ್ತಾರೆ. ಅವನೊಬ್ಬನಿಗೇ ಅದು ಕೇಳಿಸದೆ, ಮದುಮಗನ ಹಾಗೆ ಹಾರ ಹಾಕಿಕೊಂಡು, ಎಲ್ಲರೂ ನಕ್ಕಾಗ ನಕ್ಕು ಬರಬೇಕೇ?

ಹೊಸ ಕೀಬೋರ್ಡು ಬಂತು. ಪೆಟ್ಟಿಗೆ ಬಿಚ್ಚಿದ ಬಡಗಿ ಒಳಗೆ ಇಣುಕಿ, "ಅಯ್ಯೋ, ಒಡೆದೇ ಕಳ್ಸಿದಾರಲ್ಲೇ! ಮುಚ್ಚು, ಮುಚ್ಚು, ವಾಪಸ್ ಕಳ್ಸು" ಎಂದು ಕೂಗಿದ. ಅದು ಇರುವುದೇ ಹಾಗೆ ಎಂದು ಅವಳು ಕೈಸನ್ನೆಯಲ್ಲಿ ತಿಳಿಸುವಷ್ಟರಲ್ಲಿ ಸಾಕುಬೇಕಾಯಿತು. ತಿಳಿದ ಮೇಲೆ ಅವನೊಳಗಿನ ಬಡಗಿ ಎದ್ದು ಕುಳಿತ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತೋಳು ಹಿಡಿದು ಹಿಂದೆ ಮುಂದೆ ಮಾಡಿಸಿ, ಎರಡು ತುಂಡಿನ ಅಡಿಗೂ ಓರೆಯಾದ ಮರದ ಚಕ್ಕೆ ಕೆತ್ತಿ ಕೊಟ್ಟ. ಚಕ್ಕೆಯ ಅಂಚು ಕೈಗೆ ಒತ್ತದಂತೆ ಮರಳು ಕಾಗದದಲ್ಲಿ ಉಜ್ಜಿದ್ದೇ ಉಜ್ಜಿದ್ದು. ಇಷ್ಟು ನಯ ಮಾಡಿ ಅವನು ಮಗಳ ತೊಟ್ಟಿಲನ್ನೂ ಮಾಡಿರಲಿಲ್ಲ. ಅವಳು ಎರಡು ಕೈಯನ್ನೂ ಅದರ ಮೇಲಿಟ್ಟಳು. ಭುಜ ತಾನಾಗಿ ಕೆಳಗಿಳಿಯಿತು. ಎಷ್ಟೋ ತಿಂಗಳ ಮೇಲೆ ನೋವಿಲ್ಲದೆ ಒಂದು ಸಾಲು ಟೈಪ್ ಮಾಡಿದಳು: "ಆಗಿಲಿಗೆ ಈಗ ಹಾಕಿ."

"ಏನು ಹಾಕ್ಲಿ?" ಎಂದ ಅವನು.

ಅವಳು ಬಾಗಿಲ ಕಡೆ ಕೈ ತೋರಿಸಿದಳು. ಎಲ್ಲಿಗೋ ಹೊರಡಬೇಕೆಂದುಕೊಂಡು ಅವನು ಹೋಗಿ ಅಂಗಿ ಹಾಕಿಕೊಂಡು ಬಂದ.

ಆಮೇಲೆ ಪರದೆ ನೋಡಿದವಳು ತಲೆ ಚಚ್ಚಿಕೊಂಡಳು. ಅವಳು ಬರೆದದ್ದು "ಬಾಗಿಲಿಗೆ ಬೀಗ ಹಾಕಿ" ಎಂದು. ಎರಡೂ ಮಾತಿನಿಂದ ಬ ಮಾಯವಾಗಿ ಬರೀ ಸ್ವರ ಉಳಿದಿತ್ತು. ಬ ಬೀಳುವ ಕೀ, ಅಂದರೆ ಇಂಗ್ಲಿಷಿನ ಬಿ, ಹಳೆಯ ಕೀಬೋರ್ಡಿನಲ್ಲಿ ನಟ್ಟನಡುವೆ ಇರುತ್ತದೆ. ಕಲಿಸಿದವರು ಅದನ್ನು ಎಡಗೈಯಿಂದ ಒತ್ತು ಅಂದಿದ್ದರು. ಇವಳ ಬಲ ತೋರುಬೆರಳು ಮಾತ್ರ ಚಿಕ್ಕಂದಿನಿಂದ ಗಡಿ ದಾಟಿ ಹೋಗಿ ಒತ್ತಿಬರುತ್ತಿತ್ತು. ಈಗ ಕೀಬೋರ್ಡು ಇಬ್ಭಾಗವಾಗಿ ಬ ಎಡಗಡೆಯವರ ಪಾಲಿಗೆ ಹೋಗಿದೆ. ಬಲ ಬೆರಳು ಅಭ್ಯಾಸಬಲದಿಂದ ಹೋಗಿ ಖಾಲಿ ಮೇಜನ್ನು ಕುಟ್ಟಿ ಬರುತ್ತಿದೆ.

ನಿಧಾನವಾಗಿ ಟೈಪ್ ಮಾಡಿದರೆ ಬ ಬರುತ್ತಿತ್ತು. ವೇಗ ಹೆಚ್ಚಿದೊಡನೆ ಮಂಗಮಾಯ. ಮಗಳು ಸುದ್ದಿಪತ್ರಿಕೆ ಹಿಡಿದು ಓದಿ ಅಭ್ಯಾಸ ಮಾಡಿಸಿದಳು. ಬೆಲೆ ಏರಿದೆ ಎಂದು ಅವಳು ಓದಿದರೆ ಪರದೆಯಲ್ಲಿ ಎಲೆ ಏರುತ್ತಿತ್ತು. ಶನಿವಾರ ಸಂಜೆಯಾದರೂ ಬೆರಳಿಗೆ ಬುದ್ಧಿ ಬರಲಿಲ್ಲ. ಟೈಪಕ್ಕ ಎದ್ದು ಹೋಗಿ ಕಪಾಟಿನ ಮೇಲಿದ್ದ ಹಳೆಯ ಕೀಬೋರ್ಡನ್ನು ಇಳಿಸಿಕೊಂಡಳು.

ಬಡಗಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡ. "ನಾಳೆ ನಾನು ಹೋಗೋದೇ ಇಲ್ಲ" ಎಂದ.

"ಒಂದೇ ದಿನ ಕಣ್ರೀ" ಎಂದು ಅವಳು ಒಂದು ಬೆರಳೆತ್ತಿ ತೋರಿಸಿದಳು.

"ಒಂದೇ ದಿನಾನೂ ಇಲ್ಲ, ಒಂದೇ ನಿಮಿಷಾನೂ ಇಲ್ಲ. ಅವರು ಏನ್ ಹೇಳ್ತಾರೆ ನಂಗೊತ್ತಿಲ್ವಾ? ಬೀಳ್ಕೊಡುಗೇಲಿ ಯಾರಾದ್ರೂ ನಿಜ ಹೇಳ್ತಾರಾ? ಅದನ್ನ ಓದೋದಕ್ಕೆ ನಿನ್ನ ಕೈ ಸುಡಬೇಕಾ?"

ಅವಳಿಗೆ ರೇಗಿತು. ಅಳುವೂ ಬಂತು. ಮೇಜಿಗೆ ಹೋಗಿ ಎರಡು ತುಂಡಿನ ಮುಂದೆ ಕುಳಿತು, ಮುಖ ಊದಿಸಿಕೊಂಡೇ ಟೈಪ್ ಮಾಡಿದಳು. "ಊರವರ ಮಾತೆಲ್ಲ ಊರವರಿಗೆ ಟೈಪ್ ಮಾಡಿ ಕೊಟ್ಟೆ. ನನ್ನ ಗಂಡನ ಸಭೆಯಲ್ಲಿ ನಾನು ಸುಮ್ಮನೆ ಕೂತರೆ ಈ ಕೈ ಇದ್ದೇನು ಹೋದರೇನು? ಈ ಹೊಸದರಲ್ಲಿ ಡಗಿ ಅಂತ ಮೂಡಿದರೆ ಎಲ್ಲರೂ ನಗುತ್ತಾರೆ. ನಿಮ್ಮ ಮರ್ಯಾದೆ ಹೋಗುತ್ತೆ."

ಅವನು ಓದಿದ. ಡಗಿ ಅನ್ನುವಲ್ಲಿ ತಡೆದು, ತುಟಿ ಅಲ್ಲಾಡಿಸಿ, ಅದು ತಾನೇ ಎಂದು ಹೊಳೆದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕುರ್ಚಿ ಎಳೆದು ಅವಳ ಪಕ್ಕ ಕುಳಿತ.

"ನೋಡು, ಹೀಗ್ ಮಾಡೋಣ" ಎಂದ. "ಬ ನನ್ನ ಪಾಲಿಗಿರಲಿ. ಅದನ್ನ ನಾನು ಹಾಕ್ಕೊಂಡು ಓದ್ತೀನಿ. ಮಿಕ್ಕಿದ್ದೆಲ್ಲ ನೀನು ಹಾಕು."

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೆಂಚುಗಳನ್ನು ಸಾಲಾಗಿ ಹಾಕಿದ್ದರು. ಮರದ ಪುಡಿಯ ವಾಸನೆ ಗೋಡೆಗೂ ಹತ್ತಿತ್ತು. ಪರದೆಯನ್ನು ಎಲ್ಲರಿಗೂ ಕಾಣುವಂತೆಯೇ ನಿಲ್ಲಿಸಿದ್ದರು, ಬೇಡ ಎಂದರೆ ಕೇಳಬೇಕಲ್ಲ! ಮೊದಲು ಮ್ಯಾನೇಜರು ಎದ್ದರು. ಅವರು ಹೇಳುತ್ತಾ ಹೋದರು, ಟೈಪಕ್ಕ ಮೈಯೆಲ್ಲ ಕಿವಿಯಾಗಿ ಟೈಪ್ ಮಾಡುತ್ತಾ ಹೋದಳು. ಕೆಲವು ಸಲ ಎಡ ಬೆರಳಿಗೆ ನೆನಪಾಗಿ ಬ ಬೀಳುತ್ತಿತ್ತು, ಬಹಳ ಸಲ ಇಲ್ಲ. ಕೊನೆಗೆ ಮ್ಯಾನೇಜರು ಕೈ ಜೋಡಿಸಿ, "ನಮ್ಮ ಬಡಗಿ ನೂರು ವರ್ಷ ಬಾಳಲಿ" ಎಂದು ಹಾರೈಸಿದರು. ಪರದೆಯ ಮೇಲೆ "ನಮ್ಮ ಡಗಿ ನೂರು ವರ್ಷ ಆಳಲಿ" ಎಂದು ಮೂಡಿತು.

ಬೆಂಚುಗಳಲ್ಲಿ ಕಿಸಕ್ಕೆಂದು ಶುರುವಾದದ್ದು ನಗುವಿನ ಹೊಳೆಯಾಯಿತು. ಟೈಪಕ್ಕನಿಗೆ ಕುರ್ಚಿಯ ಕೆಳಗೆ ತೂರಿಕೊಳ್ಳುವ ಹಾಗಾಯಿತು. ಆಗ ಬಡಗಿ ಕೂತಲ್ಲಿಂದಲೇ, "ಸಾರ್, ಆಳೋದಕ್ಕೆ ನಮ್ಮನೇಲಿ ಬೇರೆಯವರು ಇದಾರೆ. ನಂಗೆ ಬಾಳೋದೇ ಸಾಕು!" ಎಂದು ಗುಡುಗಿದ. ಮ್ಯಾನೇಜರು ಸಹ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಎದ್ದವರೆಲ್ಲರೂ ಅವನನ್ನು ಡಗಿ ಎಂದೇ ಕರೆದರು. ಅವನು ಪ್ರತಿ ಸಾಲನ್ನೂ ತುಟಿ ಅಲ್ಲಾಡಿಸುತ್ತಾ ಓದಿದ, ತಪ್ಪಿದ ಬ ಅಕ್ಷರಗಳನ್ನೆಲ್ಲ ತಾನೇ ಹಾಕಿಕೊಂಡ, ಹೊಗಳಿದಾಗ ತಲೆ ತಗ್ಗಿಸಿದ, ಕಾಲೆಳೆದಾಗ ತಿರುಗಿ ಬೈದ. ಒಂದು ಮಾತೂ ಅವನಿಗೆ ತಪ್ಪಲಿಲ್ಲ. ಅವಳ ಕೈ ಒಂದು ಸಲವೂ ನೋಯಲಿಲ್ಲ. ಟೈಪಕ್ಕನಿಗೆ ಆ ಹೊತ್ತು ಎಷ್ಟು ಸಂತೋಷವಾಯಿತೆಂದರೆ, ಇನ್ನೂ ಹತ್ತು ಜನ ಭಾಷಣ ಮಾಡಲಿ ಅನ್ನಿಸಿತು.

ಕೊನೆಗೆ ಅವನ ಸರದಿ ಬಂತು. ಮೈಕು ಬೇಡವೆಂದು ತಳ್ಳಿ ನಿಂತ. ಆ ಗಂಟಲಿಗೆ ಮೈಕು ಯಾಕೆ?

"ಕಿವಿ ಹೋದಾಗ ನಾನು ಏನಂದ್ಕೊಂಡಿದ್ದೆ ಗೊತ್ತಾ..." ಎಂದು ಶುರುಮಾಡಿದವನು ಪರದೆಯ ಕಡೆ ನೋಡಿ ನಿಂತುಬಿಟ್ಟ. ಅವನ ಮಾತೇ ಅಲ್ಲಿ ಅಚ್ಚಾಗುತ್ತಿತ್ತು.

"ಇದ್ಯಾಕೆ ಟೈಪ್ ಮಾಡ್ತಿದೀಯ? ನಾನು ಹೇಳ್ತಿರೋದು ನಂಗೆ ಗೊತ್ತಾಗಲ್ವಾ?" ಎಂದು ಅವನು ಕೇಳಿದ್ದೂ ಪರದೆಯ ಮೇಲೆ ಬಂತು. ಮತ್ತೆ ನಗು. ಅವಳ ತಪ್ಪಲ್ಲ ಅದು. ಸಭೆಯಲ್ಲಿ ಯಾರಾದರೂ ಬಾಯಿ ತೆರೆದರೆ ಅವಳ ಬೆರಳು ಅವಳನ್ನು ಕೇಳಿ ಓಡುವುದಿಲ್ಲ. ಕಿವಿಯಲ್ಲಿ ಹೊಕ್ಕದ್ದು ನೇರ ಬೆರಳಿನಿಂದ ಹೊರಗೆ. ಎಷ್ಟೋ ದೊಡ್ಡವರ ಭಾಷಣ ಹೀಗೆ ಅವಳನ್ನು ಹಾದು ಹೋಗಿದೆ, ಒಂದೂ ನೆನಪಿಲ್ಲ.

ಬಡಗಿ ನಗಲಿಲ್ಲ. "ಕೈ ತೆಗಿ" ಎಂದ. ದನಿ ತಗ್ಗಿಸಿ ಹೇಳುತ್ತಿದ್ದೇನೆಂದು ಅವನೆಣಿಕೆ, ಬೀದಿಯವರೆಗೂ ಕೇಳಿಸಿರಬೇಕು. "ತೊಡೆ ಮೇಲೆ ಇಟ್ಕೋ. ಇವರಿಗಲ್ಲ, ನಿಂಗೆ ಹೇಳ್ತಿರೋದು. ಸುಮ್ನೆ ಕೂತ್ಕೊಂಡು ಕೇಳು."

ಅವಳು ಎರಡು ಕೈಯನ್ನೂ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಕಿವಿ ಹೋದಾಗ, ಇನ್ನು ನನ್ನ ಪಾಲಿಗೆ ಜನ ಮುಗಿದ್ರು ಅಂದ್ಕೊಂಡೆ" ಎಂದ ಅವನು. "ಮುಗೀಲಿಲ್ಲ. ಪಕ್ಕದ ಮನೆ ಜಗಳಾನೂ ಬಿಡದೆ ಎಲ್ಲಾನೂ ಕೊಟ್ಟೆ ನೀನು. ಒಂದು ಮಾತ್ರ ಕೊಡ್ಲಿಲ್ಲ. ಕೈ ನೋಯ್ತಿದೆ ಅಂತ ಒಂದು ದಿನಾನೂ ಟೈಪ್ ಮಾಡ್ಲಿಲ್ಲ. ಅದನ್ನ ನಂಗೆ ಮಗಳು ಚೀಟೀಲಿ ಬರೆದು ಹೇಳಬೇಕಾಯ್ತು. ಇನ್ಮೇಲೆ ಮೊದಲು ನಿನ್ನ ಮಾತು ಹಾಕು ಕಣೇ. ಊರವರದ್ದು ಆಮೇಲೆ ಓದ್ತೀನಿ."

ಅಷ್ಟು ಹೇಳಿ ಅವನು ಕುಳಿತುಬಿಟ್ಟ. ಯಾರೋ ಚಪ್ಪಾಳೆ ಶುರುಮಾಡಿದರು. ಮಡಿಲಿನಲ್ಲಿ ಕೈಯಿಟ್ಟುಕೊಂಡಿದ್ದ ಟೈಪಕ್ಕ ಅದನ್ನು ತೆಗೆಯಲಿಲ್ಲ. ಅವನು ಆಡಿದ ಮಾತು ಅವಳನ್ನು ಹಾದು ಹೋಗದೆ ಒಳಗೇ ಉಳಿದಿತ್ತು, ಮತ್ತೆ ಮೊದಲಿನಿಂದ ಕೇಳಿಸಿಕೊಳ್ಳುತ್ತಿದ್ದಳು.